ಗಂಡಿನ ಕಡೆಯವಳು

ಹೊಸೂರು
೧೬ ಮೇ ೨೦೦೬

ಚಂದ್ರೀ, ಚಂದ್ರೀ, ಚಂದ್ರೀ!

ನನ್ನ ಮದುವೆಗೆ ಬಂದು, ಊಟ ಮಾಡಿ, ಒಂದು ಮಾತೂ ಆಡದೆ ಕೃಷ್ಣಗಿರಿ ಬಸ್ಸು ಹತ್ತಿದೆಯಲ್ಲ, ಅದನ್ನು ನಾನು ಮರೆತಿಲ್ಲ. ಆದರೂ ಕ್ಷಮಿಸಿದ್ದೇನೆ. ಈಗ ನನಗೆ ಯಾರ ಮೇಲೂ ಕೋಪವೇ ಬರುತ್ತಿಲ್ಲ ಕಣೇ. ವಾರಕ್ಕೆ ಎರಡೇ ದಿನ ನೀರು ಬಿಡುವ ಮುನಿಸಿಪಾಲಿಟಿಯವರ ಮೇಲೂ ಬರುತ್ತಿಲ್ಲ!

ಫೋನು ಮಾಡಬಹುದಿತ್ತು. ಆದರೆ ಮನೆಯ ಫೋನು ಇರುವುದು ನಡುಮನೆಯಲ್ಲಿ, ಅತ್ತೆಯವರ ಕುರ್ಚಿಯ ಪಕ್ಕದಲ್ಲಿ. ಇರುವ ಒಂದು ಮೊಬೈಲು ಪ್ರಮೋದ್ ಜೊತೆ ಫ್ಯಾಕ್ಟರಿಗೆ ಹೋಗುತ್ತದೆ. ನಿನ್ನ ಆಫೀಸಿಗೆ ಮಾಡಿದರೆ ನಿಮ್ಮ ಸೀನಿಯರ್ ವಕೀಲರು ಎತ್ತಿಕೊಂಡು ಕೆಮ್ಮುತ್ತಾರೆ. ಆದ್ದರಿಂದ ಪತ್ರ, ಅದೂ ಹಾಸ್ಟೆಲ್ಲಿನಲ್ಲಿ ನೀನು ಹಾಕಿದ್ದ ಷರತ್ತಿನಂತೆ ಕನ್ನಡದಲ್ಲಿ. ಕಾನ್ವೆಂಟಿನ ಹುಡುಗಿಗೆ ಇದೆಷ್ಟು ಕಷ್ಟ ಎಂದು ನಿನಗೇನು ಗೊತ್ತು.

ಪ್ರಮೋದ್ ಬಗ್ಗೆ ಬರೆಯಲು ಕೂತರೆ ಅಂಚೆಯವನು ಎರಡು ಸ್ಟಾಂಪು ಕೇಳುತ್ತಾನೆ. ಭಾನುವಾರ ಬೈಕಿನಲ್ಲಿ ಬೆಂಗಳೂರಿಗೆ ಸಿನಿಮಾಕ್ಕೆ ಹೋಗುತ್ತೇವೆ. ಗಡಿಯ ಜೂಜುವಾಡಿ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಸಾಲು ಕರಗುವವರೆಗೂ ನಿಂತು ಬೇಯಿಸಿದ ಕಡಲೆಕಾಯಿ ತಿನ್ನುತ್ತೇವೆ. ಅವರೇ ಸುಲಿದು ಕೊಡುತ್ತಾರೆ! ಲಾರಿಯವರೆಲ್ಲ ನೋಡುತ್ತಿರುತ್ತಾರೆ, ನನಗೆ ನಾಚಿಕೆಯೂ ಆಗುವುದಿಲ್ಲ.

ಇದಕ್ಕೆಲ್ಲ ಕಾರಣ ನಮ್ಮ ಹನುಮಕ್ಕ. ನಮ್ಮ ಸಂಬಂಧ ಕುದುರಿಸಿದ ದಳ್ಳಾಳಿ ಹೆಂಗಸು, ಮದುವೆಯಲ್ಲಿ ಹಸಿರು ಸೀರೆ ಉಟ್ಟು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರಲ್ಲ, ಅವರೇ. ಮೊನ್ನೆ ಭಾನುವಾರ ಡೆಂಕಣಿಕೋಟೆಗೆ, ತವರಿಗೆ ಹೋಗಿದ್ದೆ. ಹನುಮಕ್ಕ ಬಂದು, "ಬಾ ಕೂಸೇ, ಒಂದ್ ಪುಣ್ಯದ್ ಕೆಲ್ಸ ಐತೆ" ಎಂದು ಪಕ್ಕದ ಹಳ್ಳಿಗೆ ಕರೆದುಕೊಂಡು ಹೋದರು. ರಾಮಕ್ಕ ಎಂಬ ವಿಧವೆಯ ಮನೆ. ಆನೆಗಳು ಬಂದು ಅರ್ಧ ಹೊಲ ತುಳಿದು ಹೋಗಿದ್ದವು. ಮಗಳು ಮುನಿಲಕ್ಷ್ಮಿಗೆ ಹತ್ತೊಂಬತ್ತು. ಗುಲಾಬಿ ತೋಟದಲ್ಲಿ ಹೂವಿನ ಮುಳ್ಳು ಸವರುವ ಕೆಲಸ, ಬೆರಳಿಗೆಲ್ಲ ಬಟ್ಟೆ ಸುತ್ತಿಕೊಂಡಿದ್ದಳು. ಗಂಡಿಗೆ ಪೂನಾದಲ್ಲಿ ಅಂಗಡಿಯಂತೆ. ವರದಕ್ಷಿಣೆ ಬೇಡವಂತೆ, ಖರ್ಚೂ ಅವರದ್ದೇ ಅಂತೆ.

ಅವತ್ತು ಹೂ ಮುಡಿಸುವ ಶಾಸ್ತ್ರ. ಗಂಡಿನ ಕಡೆಯ ಮುತ್ತೈದೆಯೇ ಬಂದು ಹುಡುಗಿಗೆ ಹೂ ಮುಡಿಸಬೇಕಲ್ಲ. ಪೂನಾದಿಂದ ಯಾರೂ ಬಂದಿರಲಿಲ್ಲ. ಹನುಮಕ್ಕ ನನ್ನ ಕೈಗೆ ಹೂವು ಕೊಟ್ಟು, "ಹುಡುಗನ ಚಿಕ್ಕವ್ವನ ಮಗ್ಳು ಅಂತ ಹೇಳು. ಶಾಸ್ತ್ರಕ್ ಯಾರಾದ್ರೇನು? ನಿನ್ ಮುಖ ನೋಡುದ್ರೆ ಸಾಕು, ಕಲ್ಲಿಗೂ ಮದ್ವೆ ಆಗ್ಬೇಕು ಅನ್ನಿಸ್ತದೆ" ಎಂದರು. ನಾನು ಗಂಡಿನ ಕಡೆಯವಳಾದೆ! ಹೂ ಮುಡಿಸಿದೆ, ಕುಂಕುಮ ಇಟ್ಟೆ. ಹುಡುಗಿ ನನ್ನ ಕಿವಿಯಲ್ಲಿ ಕೇಳಿದಳು, "ಅಕ್ಕಾ, ನಿಮ್ಮನೆಯವ್ರು ಬೈತಾರಾ?"

"ಇಲ್ಲವೇ ಇಲ್ಲ."

"ನನ್ನೋರೂ ಬೈಯಾಕಿಲ್ಲ ಅಲ್ವಾ?"

"ಇಲ್ಲ ಕಣೇ, ನಾನಿದ್ದೀನಲ್ಲ" ಎಂದೆ. ಎಷ್ಟು ಮುದ್ದಾಗಿ ನಕ್ಕಳು ಗೊತ್ತಾ? ನಿನಗೂ ಹನುಮಕ್ಕನ ಹತ್ತಿರ ಹೇಳಲಾ?

ಸಂತೋಷದಲ್ಲಿ ತಲೆ ತಿರುಗುತ್ತಿರುವ,
ನಿನ್ನ ಭೂಮಿ

*

ಕೃಷ್ಣಗಿರಿ
೨೫ ಮೇ ೨೦೦೬

ಪ್ರಿಯ ಭೂಮಿ,

ಪತ್ರ ಓದಿ ಸಂತೋಷವಾಯಿತು. ಬಸ್ಸು ತಪ್ಪಿದ್ದರೆ ಮರುದಿನದ ಕೇಸು ತಪ್ಪುತ್ತಿತ್ತು, ಅದಕ್ಕೇ ಓಡಿದೆ.

ಒಂದೆರಡು ಪ್ರಶ್ನೆ. ಆ ಗಂಡನ್ನು ನೀನು ನೋಡಿದ್ದೀಯಾ? ರಾಮಕ್ಕ ನೋಡಿದ್ದಾಳಾ? ಪೂನಾದ ವಿಳಾಸ ಯಾರ ಹತ್ತಿರವಾದರೂ ಇದೆಯೇ? ಗಂಡಿನ ಕಡೆಯ ಒಬ್ಬರೂ ಇಲ್ಲದೆ ಶಾಸ್ತ್ರ ನಡೆದದ್ದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲವೇ? ತಿಳಿದುಕೊಂಡು ಬರೆ.

ನನಗೆ ಸದ್ಯಕ್ಕೆ ಗಂಡು ಬೇಡ. ಕೊಡೆ ಬೇಕು, ಹಳೆಯದು ಮುರಿದಿದೆ.

ಚಂದ್ರಲೇಖಾ

*

ಹೊಸೂರು
೨ ಜೂನ್ ೨೦೦೬

ಚಂದ್ರಿ,

ನೀನು ನನಗೆ ಬರೆದೆಯೋ, ಕಟಕಟೆಯಲ್ಲಿ ನಿಂತವರಿಗೆ ಬರೆದೆಯೋ? ಕರಿ ಕೋಟು ಹಾಕಿದ ಮೇಲೆ ನಿನಗೆ ಎಲ್ಲರೂ ಕಳ್ಳರ ಹಾಗೆ ಕಾಣುತ್ತಾರೆ. ಮದುವೆ ಆಗಿಯೂ ಹೋಯಿತಂತೆ, ಧರ್ಮಪುರಿ ಕಡೆಯ ಯಾವುದೋ ದೇವಸ್ಥಾನದಲ್ಲಿ. ಹುಡುಗಿ ಅಂದೇ ರೈಲು ಹತ್ತಿದಳಂತೆ. ಹನುಮಕ್ಕ ಹೇಳಿದರು. ಪೂನಾದಲ್ಲಿ ಈಗ ಮಳೆಯಂತೆ, ಎಷ್ಟು ರೊಮ್ಯಾಂಟಿಕ್!

ನಿನ್ನ ಪ್ರಶ್ನೆಗಳಿಗೆ ಉತ್ತರ ಇಷ್ಟೇ: ಕೊಡೆ ಕಳಿಸುತ್ತಿದ್ದೇನೆ, ನೇರಳೆ ಬಣ್ಣದ್ದು.

ಸ್ವಲ್ಪ ಮುನಿಸಿಕೊಂಡ,
ಭೂಮಿ

*

ಡೆಂಕಣಿಕೋಟೆ
೪ ಜುಲೈ ೨೦೦೬

ಚಂದ್ರಿ,

ಆಷಾಢ ಬಂತು. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ನನ್ನನ್ನು ತವರಿಗೆ ಅಟ್ಟಿದ್ದಾರೆ. ಪ್ರಮೋದ್ ಇಲ್ಲದೆ ಊಟ ಸೇರುತ್ತಿಲ್ಲ ಎಂದೆಲ್ಲ ಬರೆಯಬೇಕೆಂದಿದ್ದೆ. ಅದನ್ನು ಬರೆಯುತ್ತಿಲ್ಲ.

ಇವತ್ತು ರಾಮಕ್ಕ ಮನೆ ಹುಡುಕಿಕೊಂಡು ಬಂದಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ, ಜಗಲಿಯ ಕೆಳಗೇ ನಿಂತಳು. ಮಗಳು ಹೋದಾಗಿನಿಂದ ಒಂದು ಫೋನಿಲ್ಲ, ಕಾಗದವಿಲ್ಲ. ಊರಿನ ಅಂಗಡಿಯ ಫೋನಿಗೆ ವಾರಕ್ಕೊಮ್ಮೆ ಮಾಡುತ್ತೇನೆ ಎಂದು ಹೇಳಿ ಹೋಗಿದ್ದಳಂತೆ. ಅಮ್ಮ ಸಮಾಧಾನ ಮಾಡಲು ಹೋದರು, "ನಮ್ಮ ಹುಡುಗಿಗೇನು ಗೊತ್ತು ರಾಮಕ್ಕ, ಹನುಮಕ್ಕನ್ನ ಕೇಳು" ಎಂದು.

ಅವಳು ನನ್ನ ಕೈ ಹಿಡಿದುಕೊಂಡಳು. "ಹೂ ಮುಡ್ಸಿದ್ ಕೈ ಇದೇ ಅಲ್ವೇನವ್ವಾ? ಹನುಮಕ್ಕ ನಮ್ ಪೈಕಿ ಆಗೋದ್ಲು. ಗಂಡಿನ್ ಕಡೆಯೋಳು ಅಂತ ಬಂದೋಳು ನೀನೊಬ್ಳೇ. ನಾನ್ ಇನ್ ಯಾರ್ನ ಕೇಳ್ಲಿ? ನನ್ ಮಗ್ಳು ಎಲ್ಲವ್ಳೆ, ಹೇಳು."

ನಾನು ನಿಜ ಹೇಳಬೇಕಿತ್ತು. ನಾನು ಯಾರ ಕಡೆಯವಳೂ ಅಲ್ಲ, ಆಟಕ್ಕೆ ಬಂದಿದ್ದೆ ಎಂದು. ಅದರ ಬದಲು "ವಿಚಾರಿಸ್ತೀನಿ" ಎಂದೆ. ಅವಳು ಹೋದ ಮೇಲೆ ಕೂರಲೂ ಆಗುತ್ತಿಲ್ಲ, ನಿಲ್ಲಲೂ ಆಗುತ್ತಿಲ್ಲ. ಹಿತ್ತಲಿಗೆ ಹೋಗುತ್ತೇನೆ, ಯಾಕೆ ಹೋದೆ ಎಂದು ಮರೆತು ವಾಪಸ್ ಬರುತ್ತೇನೆ. ಏನು ಮಾಡಲಿ?

ಭೂಮಿ

*

ಕೃಷ್ಣಗಿರಿ
೮ ಜುಲೈ ೨೦೦೬

ಭೂಮಿ,

ರಾಮಕ್ಕನನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋಗು. ಮಗಳು ಕಾಣೆ ಎಂದು ದೂರು ಬರೆಸು. ಹೂ ಮುಡಿಸಿದ್ದನ್ನೂ ಹೇಳು, ಹನುಮಕ್ಕ ಏನು ಹೇಳಿಕೊಟ್ಟರೋ ಅದನ್ನೂ. ಬರೆದುಕೊಳ್ಳಲು ಒಪ್ಪದಿದ್ದರೆ ನನ್ನ ಆಫೀಸಿಗೆ ಫೋನು ಮಾಡು, ಸೀನಿಯರ್ ಕೆಮ್ಮಿದರೆ ಕೆಮ್ಮಲಿ.

ಹನುಮಕ್ಕನ ಹತ್ತಿರ ಈ ಮಾತು ಎತ್ತಬೇಡ. ಇದು ಮುಖ್ಯ.

ಚಂದ್ರಿ

*

ಡೆಂಕಣಿಕೋಟೆ
೨೦ ಜುಲೈ ೨೦೦೬

ಚಂದ್ರಿ,

ನಿನ್ನ ಪತ್ರ ಬರುವ ಹೊತ್ತಿಗೆ ಹನುಮಕ್ಕನನ್ನು ಕೇಳಿಬಿಟ್ಟಿದ್ದೆ. ಬೈಯಬೇಡ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ಕೂಸೇ, ಹೊಸಾ ಸಂಸಾರದಾಗೆ ಅವ್ವನ್ ಗ್ಯಾನ ಎಲ್ ಬತ್ತದೆ? ನಿಂಗ್ ಬಂದಿತ್ತಾ? ನೆನ್ನೆ ತಾನೆ ಫೋನಾಗ್ ಮಾತಾಡ್ದೆ ಕಣವ್ವಾ. ಗೋಧಿ ರೊಟ್ಟಿ ತಟ್ಟೋದ್ ಕಲ್ತವ್ಳೆ!"

ನೋಡು, ಅದು ನಿಜವೇ. ಮದುವೆಯಾದ ಮೊದಲ ತಿಂಗಳು ನಾನೂ ಅಮ್ಮನನ್ನು ನೆನೆದಿರಲಿಲ್ಲ. ಮನಸ್ಸು ಹಗುರವಾಯಿತು. ರಾಮಕ್ಕನಿಗೆ ಹೇಳಿ ಕಳಿಸಿದೆ. ಪ್ರಮೋದ್ ಕೂಡ, "ಪೊಲೀಸು ಗಿಲೀಸು ಅಂತ ಹೋಗ್ಬೇಡ, ಆಷಾಢ ಮುಗೀಲಿ" ಎಂದರು. ಇನ್ನು ಐದೇ ದಿನಕ್ಕೆ ಭೀಮನ ಅಮಾವಾಸ್ಯೆ, ಆಮೇಲೆ ಬಂದು ಕರೆದುಕೊಂಡು ಹೋಗುತ್ತಾರೆ.

ಆದರೂ ನಿದ್ದೆ ಸರಿಯಾಗಿ ಹತ್ತುತ್ತಿಲ್ಲ. ನೀನೊಂದು ಸಮಾಧಾನದ ಮಾತು ಬರೆಯಬಾರದಾ?

ಭೂಮಿ

*

ಕೃಷ್ಣಗಿರಿ
೧೧ ಸೆಪ್ಟೆಂಬರ್ ೨೦೦೬

ಭೂಮಿಕಾ,

ಆ ಹುಡುಗಿಯ ಸುದ್ದಿ ಕೇಳಿ ಆಗಸ್ಟಿನಲ್ಲಿ ನೀನು ಬರೆದ ಪತ್ರಗಳೆಲ್ಲ ತಲುಪಿವೆ. ಉತ್ತರ ಬರೆಯುವಂತಿಲ್ಲ. ದಯವಿಟ್ಟು ಆ ವಿಷಯ ಇನ್ನು ನನಗೆ ಬರೆಯಬೇಡ, ಆಫೀಸಿಗೂ ಬರಬೇಡ. ಕಾರಣ ಈಗ ಹೇಳಲಾರೆ.

ಚಂದ್ರಲೇಖಾ

*

ಹೊಸೂರು
೧೫ ಸೆಪ್ಟೆಂಬರ್ ೨೦೦೬

ಚಂದ್ರಲೇಖಾ ಅವರಿಗೆ,

ಆಗಲಿ. ನಾಲ್ಕು ವರ್ಷ ಒಂದೇ ಬಕೆಟ್ಟಿನಲ್ಲಿ ಬಟ್ಟೆ ನೆನೆಸಿದವರು ನಾವು. 'ಬರೆಯುವಂತಿಲ್ಲ' ಅಂತೆ! ಇನ್ನು ನಾನೂ ಬರೆಯುವುದಿಲ್ಲ.

ಭೂಮಿಕಾ ಪ್ರಮೋದ್

*

ಕೃಷ್ಣಗಿರಿ
೩೦ ಅಕ್ಟೋಬರ್ ೨೦೦೬

ಪ್ರಿಯ ಭೂಮಿ,

ಇದನ್ನು ನಮ್ಮ ಸೀನಿಯರ್ ಉಮಾಶಂಕರ್ ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಕೂತುಕೊಂಡು ಓದು.

ಆ ಹುಡುಗಿ ಸಿಕ್ಕಿದ್ದಾಳೆ. ಆಗಸ್ಟಿನಲ್ಲೇ. ಪೂನಾದಲ್ಲಲ್ಲ. ಅವಳು ಪೂನಾ ನೋಡಿಯೇ ಇಲ್ಲ. ಮೊದಲೆರಡು ತಿಂಗಳು ಅವಳನ್ನು ಜೂಜುವಾಡಿಯಲ್ಲಿ, ಲಾರಿಗಳು ನಿಲ್ಲುವ ರಸ್ತೆಯ ಒಂದು ಮಹಡಿ ಮನೆಯಲ್ಲಿ ಇಟ್ಟಿದ್ದರು. ಆಮೇಲೆ ಕೃಷ್ಣಗಿರಿ ಹೆದ್ದಾರಿಯ ಲಾಡ್ಜಿಗೆ ತಂದರು. ಪೊಲೀಸರು ನುಗ್ಗಿದ್ದು ಅಲ್ಲಿಗೆ. ಅವಳಿಗೆ ಏನಾಯಿತು ಎಂದು ನಾನು ಬರೆಯುವುದಿಲ್ಲ. ಅದನ್ನು ಹೇಳುವುದು ಬಿಡುವುದು ಅವಳಿಗೆ ಸೇರಿದ್ದು.

ಮೊದಲ ದಿನ ಅವಳನ್ನೇ ಆರೋಪಿ ಎಂದು ಬರೆದುಕೊಂಡಿದ್ದರು. ದಂಡ ಕಟ್ಟಿ ಬಿಡಿಸಿಕೊಂಡು ಹೋಗಲು ಒಬ್ಬ ಗಂಡಸು ಕೋರ್ಟಿನ ಬಾಗಿಲಲ್ಲೇ ಕಾದಿದ್ದ. ಒಂದು ಮಹಿಳಾ ಸಂಘದವರು ಬಂದು ನಮ್ಮ ಸೀನಿಯರ್ ಅವರನ್ನು ಕರೆದರು. ಇವಳು ತಪ್ಪು ಮಾಡಿದವಳಲ್ಲ, ಮಾರಲ್ಪಟ್ಟವಳು ಎಂದು ವಾದಿಸಿ ಆರೋಪಿ ಎಂಬ ಹೆಸರು ತೆಗೆಸಲು ಹೆಣಗಬೇಕಾಯಿತು. ಈಗ ರಕ್ಷಣಾಗೃಹದಲ್ಲಿದ್ದಾಳೆ. ಯಾವ ಊರಿನದು ಎಂದು ಕೇಳಬೇಡ. ಅವಳ ಹೆಸರನ್ನು ಪತ್ರದಲ್ಲೂ ಬರೆಯಬೇಡ, ಬಾಯಲ್ಲೂ ಆಡಬೇಡ. ಹೆಸರು ಹೊರಗೆ ಬಾರದಂತೆ ಕಾಯುವುದೂ ಕಾನೂನೇ.

ತುಂಬಾ ದಿನ ಅವಳು ಬಾಯಿ ಬಿಡಲಿಲ್ಲ. ಬಿಟ್ಟ ದಿನ ಹೇಳಿದ್ದು, ಗಂಡಿನ ಕಡೆಯಿಂದ ಒಬ್ಬ ಅಕ್ಕ ಬಂದು ಹೂ ಮುಡಿಸಿದ್ದಳು, ಹೊಸದಾಗಿ ಮದುವೆಯಾದವಳು ಎಂದು. ಪೊಲೀಸರು ಆ ಅಕ್ಕನನ್ನು ಹುಡುಕುತ್ತಿದ್ದರು. ನಾನು ಅವಳ ಪರ ನಿಂತವಳು. ನಿನಗೆ ಹೇಗೆ ಬರೆಯಲಿ? ಅದಕ್ಕೇ ಬಾಯಿ ಮುಚ್ಚಿಕೊಂಡೆ. ನಿನ್ನ ಪತ್ರಗಳನ್ನು ಸೀನಿಯರ್ ಮುಂದೆ ಇಟ್ಟಿದ್ದೇನೆ. ಇದನ್ನೂ ನಿನಗೆ ಹೇಳಲೇಬೇಕು.

ಈಗಿನ ವಿಷಯ. ರಾಮಕ್ಕ, ಮಗಳನ್ನು ನನ್ನ ವಶಕ್ಕೆ ಕೊಡಿ ಎಂದು ಅರ್ಜಿ ಹಾಕಿದ್ದಾಳೆ. ಅವಳ ಜೊತೆ ಓಡಾಡುತ್ತಿರುವುದು ಹನುಮಕ್ಕ. ತನಗೂ ಗಂಡಿನವರು ಮೋಸ ಮಾಡಿದರು, ಮದುವೆಯ ದಿನದಿಂದ ಹುಡುಗಿಯ ಸುದ್ದಿಯೇ ತನಗೆ ಗೊತ್ತಿರಲಿಲ್ಲ ಎಂದು ಆಕೆ ಹೇಳಿಕೆ ಕೊಟ್ಟಿದ್ದಾಳೆ. ಇದು ಕೋರ್ಟಿನಲ್ಲಿ ಓದಿದ ಮಾತು, ಗುಟ್ಟಲ್ಲ. ಹೀಗೆ ಸಿಕ್ಕ ಹೆಣ್ಣನ್ನು ಕೇಳಿದವರ ಕೈಗೆ ಕೊಡುವಂತಿಲ್ಲ. ತಾಯಿಯೇ ಬಂದರೂ, ಮನೆ ಎಂಥದು, ಬೆನ್ನ ಹಿಂದೆ ಯಾರಿದ್ದಾರೆ ಎಂದು ಮ್ಯಾಜಿಸ್ಟ್ರೇಟ್ ವಿಚಾರಿಸಲೇಬೇಕು. ಆದರೆ ತಾಯಿ ಅಳುತ್ತಾಳೆ, ಹನುಮಕ್ಕ ಜವಾಬ್ದಾರಿ ಹೊರುತ್ತೇನೆ ಎನ್ನುತ್ತಾಳೆ. ಎದುರು ಮಾತಾಡಲು ಯಾರೂ ಇಲ್ಲದಿದ್ದರೆ ಕೊಟ್ಟುಬಿಡಬಹುದು. ಆಮೇಲೆ ಅವಳು ಸಾಕ್ಷಿ ಹೇಳುವುದಕ್ಕೆ ಉಳಿಯುವುದಿಲ್ಲ.

ವಿಚಾರಣೆ ನವೆಂಬರ್ ೧೬, ಗುರುವಾರ. ಏನು ಹೇಳು ಎಂದು ನಾನು ನಿನಗೆ ಹೇಳಿಕೊಡಲಾರೆ. ಬಂದರೆ ನಿನ್ನನ್ನು ಸಾಕ್ಷಿ ಎಂದು ಬರೆದುಕೊಳ್ಳುತ್ತಾರೋ, ಆರೋಪಿ ಎಂದೋ, ಅದೂ ಗೊತ್ತಿಲ್ಲ. ಮೊದಲು ಬೇರೆ ವಕೀಲರನ್ನು ನೋಡು.

ಚಂದ್ರಿ

*

ಹೊಸೂರು
೧೭ ನವೆಂಬರ್ ೨೦೦೬

ಚಂದ್ರಿ,

ನಿನ್ನೆ ಕೋರ್ಟಿನಲ್ಲಿ ನೀನು ನನ್ನ ಜೊತೆ ಮಾತಾಡಲಿಲ್ಲ. ಆಡಬಾರದಿತ್ತು, ಗೊತ್ತು. ನೀನು ನೋಡದೆ ಇದ್ದದ್ದನ್ನು ಬರೆಯುತ್ತೇನೆ.

ನಿನ್ನ ಪತ್ರ ಬಂದ ದಿನ ಮನೆಯಲ್ಲಿ ಎಲ್ಲ ಹೇಳಿದೆ. ಅತ್ತೆ ಕುರ್ಚಿಯಿಂದ ಎದ್ದೇ ಬಿಟ್ಟರು. "ವರ್ಸ ತುಂಬದ್ ಸೊಸೆ ಕೋರ್ಟ್ ಮೆಟ್ಲು ಹತ್ತದಾ? ಅದೂ ಇಂಥಾ ಕೇಸ್ಗಾ? ನಾಳೆ ಬೀದೀಲಿ ನಾನ್ ತಲೆ ಎತ್ಕಂಡ್ ಓಡಾಡದ್ ಬ್ಯಾಡ್ವಾ?" ಪ್ರಮೋದ್ ಕೇಳಿದರು, "ನಿನ್ನನ್ನೇ ಒಳಗೆ ಹಾಕಿದ್ರೆ? ಅವಳು ನಿನಗೇನಾಗ್ಬೇಕು?"

"ನಾನು ಗಂಡಿನ ಕಡೆಯವಳು" ಎಂದೆ. ನಗು ಬರಿಸಲು ಹೇಳಿದ್ದಲ್ಲ.

ಅಂದಿನಿಂದ ಅತ್ತೆ ಮಾತು ಬಿಟ್ಟರು, ಪ್ರಮೋದ್ ಕೂಡ. ಭಾನುವಾರ ಸಿನಿಮಾ ಎಂದು ಹೊರಟವರು ಜೂಜುವಾಡಿಯ ಹತ್ತಿರ ಬೈಕು ನಿಧಾನ ಮಾಡಿ ಮಹಡಿ ಮನೆಗಳನ್ನು ನೋಡುತ್ತಾ ಹೋದರು. ನಾನೂ ನೋಡಿದೆ. ಎಲ್ಲದರ ಮೇಲೂ ಬಟ್ಟೆ ಒಣಗುತ್ತಿತ್ತು. ಗಡಿ ದಾಟದೆ ವಾಪಸ್ ತಿರುಗಿಸಿದರು. ಒಬ್ಬ ವಕೀಲರನ್ನು ಗೊತ್ತು ಮಾಡಿದ್ದೂ ಅವರೇ, ನನಗೆ ಹೇಳದೆ. ಗುರುವಾರ ಬೆಳಿಗ್ಗೆ ನಾನು ಬ್ಯಾಗು ಹಿಡಿದು ನಿಂತಿದ್ದೆ, ಜಗಳಕ್ಕೆ ಮಾತುಗಳನ್ನು ಜೋಡಿಸಿಕೊಂಡು. ಅವರು, "ತಿಂಡಿ ತಿಂದ್ಕೊಂಡ್ ಹೊರಡೋಣ, ಅಲ್ಲಿ ಎಷ್ಟು ಹೊತ್ತಾಗುತ್ತೋ" ಎಂದರು. ಅಷ್ಟೇ.

ನೀವೆಲ್ಲ ಒಳಗಿದ್ದಾಗ ಹನುಮಕ್ಕ ಬಂದು ನನ್ನ ಬೆಂಚಿನಲ್ಲೇ ಕೂತರು. ಎಲೆ ಅಡಿಕೆ ಚೀಲ ಬಿಚ್ಚಿದರು. "ಏನ್ ಕೂಸೇ, ಮುಖ ಯಾಕಿಂಗ್ ಬಾಡೋಗದೆ? ಗಂಡ ಬೈದ್ನಾ?" ನಾನು ಆಚೆ ಸರಿದು ಕೂತೆ. "ನಿನ್ ಸಂಸಾರ ಕಟ್ಟಿದ್ ಕೈ ಇದು. ಮರ್ತ್ಬುಟ್ಯಾ?" ಸುಣ್ಣ ಸವರುತ್ತಾ, ಅದೇ ನಗುವಿನಲ್ಲಿ, "ಹೋಗು, ಹೇಳು. ಹೂ ಮುಡ್ಸಿದ್ದು ನಾನೇ, ಸುಳ್ ಸಂಬಂಧ ಹೇಳಿದ್ದೂ ನಾನೇ ಅಂತ. ನಾನ್ ಮುಡ್ಸಿದ್ನಾ? ಹೂವ ನನ್ ಕೈಲಿತ್ತಾ?"

ಅದು ಕೇಳಿದ ಮೇಲೇ ನನಗೆ ಧೈರ್ಯ ಬಂದದ್ದು. ಯಾಕೆಂದು ಗೊತ್ತಿಲ್ಲ. ಹೆದರಿಸುವಾಗಲೂ ಅವರ ದನಿ ಬದಲಾಗಲಿಲ್ಲ. ಮದುವೆ ಮಾತಾಡುವ ದನಿಯೇ.

ಒಳಗೆ ನಾನು ಹೇಳಿದ್ದನ್ನು ನೀನೇ ಕೇಳಿದೆ. ಮ್ಯಾಜಿಸ್ಟ್ರೇಟ್ ತಮಿಳಿನಲ್ಲಿ ಕೇಳಿದರು, ನಾನು ತಮಿಳು, ಕನ್ನಡ, ಇಂಗ್ಲಿಷ್ ಎಲ್ಲ ಕಲಸಿ ಹೇಳಿದೆ. ಹೂ ಮುಡಿಸಿದ್ದು, ಚಿಕ್ಕವ್ವನ ಮಗಳು ಎಂದು ಸುಳ್ಳು ಹೇಳಿದ್ದು, ಜುಲೈಯಲ್ಲಿ ಹನುಮಕ್ಕ 'ನೆನ್ನೆ ತಾನೆ ಫೋನಾಗ್ ಮಾತಾಡ್ದೆ' ಎಂದಿದ್ದು. ಅದನ್ನು ಹೇಳಿದಾಗ ಮ್ಯಾಜಿಸ್ಟ್ರೇಟ್ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಆಮೇಲೆ ರಾಮಕ್ಕನನ್ನು ಕೇಳಿದರು, ಇಲ್ಲಿಗೆ ಕಾರಿನಲ್ಲಿ ಕರೆತಂದವರು ಯಾರು, ಮಗಳನ್ನು ಕೊಟ್ಟರೆ ಎಲ್ಲಿ ಇಟ್ಟುಕೊಳ್ಳುತ್ತೀ ಎಂದು. "ಹನುಮಕ್ಕನ ಮನೇಲಿ ಸಾಮಿ, ಊರಾಗ್ ಜನ ಆಡ್ಕಂತಾರೆ" ಎಂದಳು ಪಾಪ. ಅಲ್ಲಿಗೆ ಮುಗಿಯಿತಲ್ಲ. ಕೊಡುವುದಿಲ್ಲ ಎಂದು ಆದೇಶ ಆಯಿತಲ್ಲ.

ನನಗೆ ಎಷ್ಟು ಸಂತೋಷವಾಯಿತು ಎಂದರೆ, ಚಂದ್ರಿ, ನನ್ನ ಹಳೆಯ ಸ್ವಭಾವ ಬಂದುಬಿಟ್ಟಿತು. ಪಡಸಾಲೆಯಲ್ಲಿ ಮಹಿಳಾ ಪೊಲೀಸರ ನಡುವೆ ಅವಳು ಹೋಗುತ್ತಿದ್ದಳು. ನಾನು ಓಡಿ ಹೋಗಿ ಜೋರಾಗಿ ಹೆಸರು ಹಿಡಿದು ಕೂಗಿದೆ. ಅಷ್ಟು ಜನ ಕಕ್ಷಿದಾರರು, ಟೈಪಿಸ್ಟರು, ಟೀ ಮಾರುವವರು, ಎಲ್ಲರೂ ತಿರುಗಿ ನೋಡಿದರು. ಅವಳು ದುಪಟ್ಟಾ ಮುಖದ ಮೇಲೆ ಎಳೆದುಕೊಂಡು ಗೋಡೆಗೆ ಒತ್ತಿಕೊಂಡಳು. ನೀನು ನನ್ನತ್ತ ನೋಡಿದ ನೋಟ ನಾನು ನೋಡಿದೆ.

ಗೇಟಿನ ಹತ್ತಿರ ರಾಮಕ್ಕ ಮಣ್ಣಿನಲ್ಲಿ ಕೂತಿದ್ದಳು. ಹನುಮಕ್ಕನ ಕಾರು ಅವಳನ್ನು ಬಿಟ್ಟು ಹೋಗಿತ್ತು. ನಾನು ಏಳಿಸಲು ಬಗ್ಗಿದೆ. ಅವಳು ನನ್ನ ಕೈ ತಳ್ಳಿ, "ಎಲ್ಡ್ ಸಲ ಕಿತ್ಕಂಡ್ಯಲ್ಲೇ ನನ್ ಮಗ್ಳುನ್ನ" ಎಂದಳು. ಪ್ರಮೋದ್ ಅವಳನ್ನು ಬಸ್ಸಿಗೆ ಹತ್ತಿಸಿದರು. ನಾನು ದೂರ ನಿಂತಿದ್ದೆ.

ಅವಳನ್ನು ಒಂದು ಸಲ ನೋಡಿ ಕ್ಷಮೆ ಕೇಳಬೇಕು. ಐದು ನಿಮಿಷ ಸಾಕು. ಕೇಳಿ ನೋಡುತ್ತೀಯಾ?

ಭೂಮಿ

*

ಕೃಷ್ಣಗಿರಿ
೨೪ ನವೆಂಬರ್ ೨೦೦೬

ಭೂಮಿ,

ಹನುಮಕ್ಕನನ್ನು ಮಂಗಳವಾರ ಬಂಧಿಸಿದರು. ನಿನ್ನ ಹೇಳಿಕೆಯೇ ಮುಖ್ಯವಾಯಿತು. ನಿನ್ನನ್ನು ಸಾಕ್ಷಿ ಎಂದೇ ಬರೆದುಕೊಂಡಿದ್ದಾರೆ, ಸದ್ಯಕ್ಕೆ. ಕೇಸು ವರ್ಷಗಟ್ಟಲೆ ಎಳೆಯಬಹುದು, ಕರೆದಾಗಲೆಲ್ಲ ಬರಬೇಕು. ಮುಂದಿನ ವಿಚಾರಣೆ ಡಿಸೆಂಬರಿನಲ್ಲಿ, ಮುಚ್ಚಿದ ಬಾಗಿಲ ಹಿಂದೆ. ಅವಳೂ ಬರುತ್ತಾಳೆ.

ನೀನು ಕೂಗಿದ ಮೇಲೆ ಅವಳು ಎರಡು ದಿನ ಊಟ ಬಿಟ್ಟಿದ್ದಳು. ನಿನಗೆ ಇದು ಗೊತ್ತಿರಲಿ ಎಂದು ಬರೆದೆ.

ನಿನ್ನ ಕೋರಿಕೆಯನ್ನು ಅವಳಿಗೆ ಹೇಳಿದೆ. ಬೇಡ ಎಂದು ತಲೆಯಾಡಿಸಿದಳು. ಆ ಅಕ್ಕ ಸಾಕ್ಷಿ ಹೇಳುವುದೂ ಬೇಡವೇ ಎಂದು ಕೇಳಿದೆ. "ಬರ್ಲಿ. ಹೇಳ್ಲಿ. ನನ್ನ ನೋಡದ್ ಬ್ಯಾಡ" ಎಂದಳು.

ಚಂದ್ರಿ

*

ಹೊಸೂರು
೨೯ ನವೆಂಬರ್ ೨೦೦೬

ಚಂದ್ರಿ,

ಆಗಲಿ ಎಂದು ಅವಳಿಗೆ ಹೇಳು. ಬೇರೇನೂ ಹೇಳಬೇಡ.

ಡಿಸೆಂಬರಿಗೆ ಪ್ರಮೋದ್ ರಜೆ ಹಾಕಿದ್ದಾರೆ. ಅತ್ತೆ ಇನ್ನೂ ಮಾತಾಡುತ್ತಿಲ್ಲ, ಆದರೆ ನಿನ್ನೆ ನನ್ನ ತಟ್ಟೆಗೂ ಅವರೇ ಬಡಿಸಿದರು.

ಅವಳನ್ನು ಯಾವ ಬಾಗಿಲಿನಿಂದ ಕರೆತರುತ್ತಾರೆ, ನಾನು ಎಲ್ಲಿ ಕೂರಬೇಕು, ಯಾವ ಕಡೆಗೆ ಮುಖ ಮಾಡಿರಬೇಕು ಎಂದು ಮೊದಲೇ ಬರೆ. ಹಾಗೆಯೇ ಕೂರುತ್ತೇನೆ.

ಭೂಮಿಕಾ